ಒಂದೇ ಪ್ರಸಂಗ, ಹಲವು ರಂಗಸ್ಥಳ

ವಾರಾಹಿಯ ದಂಡೆಯ ಹಟ್ಟಿಯಂಗಡಿಯಿಂದ ಮೊದಲ್ಗೊಂಡು ತೆಂಕಲಾಗಿ ಬ್ರಹ್ಮಾವರದವರೆಗೂ ಬಡಗಲಾಗಿ ಬೈಂದೂರಿನವರೆಗೂ ಹಬ್ಬಿರುವ ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಜೋಡಾಟವೆಂದರೆ ಏನೆಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಒಂದರ ಮಗ್ಗುಲಿಗೊಂದಾಗಿ ಎರಡು ರಂಗಸ್ಥಳಗಳು ಏಳುತ್ತವೆ. ಎರಡು ಚೌಕಿಗಳಲ್ಲಿ ಏಕಕಾಲಕ್ಕೆ ಗಣಪತಿಗೆ ಪೂಜೆಯಾಗಿ, ಏಕಕಾಲಕ್ಕೆ ಮುಖಕ್ಕೆ ಬಣ್ಣ ಏರುತ್ತದೆ. ಭಾಗವತರು ಇಬ್ಬರು, ಕರ್ಣರು ಇಬ್ಬರು, ಅರ್ಜುನರು ಇಬ್ಬರು, ಆದರೆ ಪ್ರಸಂಗ ಮಾತ್ರ ಒಂದೇ. ನಡುವೆ ಚಾಪೆ ಹಾಸಿ ಕುಳಿತ ಪ್ರೇಕ್ಷಕನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಹೊರಳಿಸುತ್ತ, ಈ ಕಡೆಯ ಕರ್ಣನು ಮೂರು ಮಾತಿನಲ್ಲಿ ಮುಗಿಸಿದ ಸಂಕಟವನ್ನು ಆ ಕಡೆಯ ಕರ್ಣನು ಬರಿಯ ಹೆಜ್ಜೆಯಲ್ಲಿ ಹೇಗೆ ತೋರಿದನೆಂಬುದನ್ನು ಕಂಡು, ಬೆಳಗಿನ ಮಂಗಳದ ಹೊತ್ತಿಗೆ ತನ್ನ ಮೆಚ್ಚಿನ ಮೇಳವನ್ನು ಹಿಂದೆಂದಿಗಿಂತಲೂ ಚೆನ್ನಾಗಿ ಅರಿತುಕೊಂಡವನಾಗಿ ಮನೆಗೆ ಮರಳುತ್ತಾನೆ. ಈ ವ್ಯವಸ್ಥೆಗೆ ಇರುವ ನಿಯಮ ಒಂದು, ಅಪಾಯ ಒಂದು. ಪ್ರಸಂಗಗಳು ಬೇರೆಬೇರೆಯಾದರೆ ಅದು ಜೋಡಾಟವೆನಿಸದು, ಒಂದೇ ಬಯಲಿನ ಎರಡು ಆಟವೆನಿಸುವುದು. ಮತ್ತು ಎದುರು ಮೇಳವನ್ನು ಗೆಲ್ಲಬೇಕೆಂಬ ಹಟವೇ ಮುಂದಾದರೆ ಚಂಡೆಯ ಸದ್ದು ಏರಿ ಏರಿ, ಪದವೂ ಕೇಳಿಸದೆ, ಅರ್ಥವೂ ತಿಳಿಯದೆ, ಎರಡು ಕಡೆಯಲ್ಲೂ ಆಟ ಕೆಡುವುದು.

ಐರೋಪ್ಯ ರಾಷ್ಟ್ರಗಳು ತಮ್ಮ ತಮ್ಮ ಸಾಂಸ್ಕೃತಿಕ ನೀತಿಗಳನ್ನು ಪರಸ್ಪರ ತಿಳಿಸಿ ಹೋಲಿಸಿ ನೋಡುವುದಕ್ಕಾಗಿ ಕಟ್ಟಿಕೊಂಡ ಏರ್ಪಾಟಿನ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಗಾಗಿ ಬರೆಯಲು ಕುಳಿತಾಗ ನನ್ನ ಮನಸ್ಸಿಗೆ ಮೊದಲು ಬಂದುದು ಈ ಜೋಡಾಟವೇ. ಹಟ್ಟಿಯಂಗಡಿಗೂ ಸ್ಟ್ರಾಸ್‌ಬೋರ್ಗ್ ನಗರಕ್ಕೂ ಎತ್ತಣ ಸಂಬಂಧವೆಂದು ಓದುಗರು ಹುಬ್ಬೇರಿಸಬಹುದು. ಸಂಬಂಧವಿದೆಯೆಂಬುದನ್ನೂ, ಅದು ಕೇವಲ ಉಪಮಾನದ ಸಂಬಂಧವಲ್ಲವೆಂಬುದನ್ನೂ ಮುಂದಿನ ಪುಟಗಳು ತೋರಿಸಿಯಾವೆಂದು ನಂಬಿದ್ದೇನೆ.

ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪಿನ ಒಂದೊಂದು ರಾಷ್ಟ್ರವೂ, ಕಲೆಗೂ ಪ್ರಭುತ್ವಕ್ಕೂ ಇರತಕ್ಕ ಸಂಬಂಧವೆಂಥದೆಂಬ ಪ್ರಶ್ನೆಗೆ, ತಾನುಂಡ ಅನುಭವಕ್ಕೆ ತಕ್ಕ ಉತ್ತರವನ್ನು ಕಂಡುಕೊಂಡಿತು. ಬ್ರಿಟನ್ನು 1946ರಲ್ಲಿ ರಾಜಸನ್ನದಿನ ಮೂಲಕ ಆರ್ಟ್ಸ್ ಕೌನ್ಸಿಲ್ ಎಂಬ ಸಂಸ್ಥೆಯನ್ನು ನಿರ್ಮಿಸಿ, ಹಣವನ್ನು ಸರಕಾರ ಕೊಡತಕ್ಕದ್ದು, ಆದರೆ ಅದು ಯಾವ ನಾಟಕಕ್ಕೆ ಯಾವ ಗಾಯಕನಿಗೆ ಸಲ್ಲಬೇಕೆಂಬುದನ್ನು ಸರಕಾರದಿಂದ ಒಂದು ಮಾರು ದೂರದಲ್ಲಿ ನಿಂತ ತಜ್ಞರು ತೀರ್ಮಾನಿಸತಕ್ಕದ್ದು ಎಂಬ ಪದ್ಧತಿಯನ್ನು ಸ್ಥಾಪಿಸಿತು. ಇದರ ಮೂಲಪುರುಷನಾದ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸನು ಸನ್ನದು ಕೈಗೆ ಬರುವ ಮೊದಲೇ, ಅದೇ ವರ್ಷದ ಏಪ್ರಿಲಿನಲ್ಲಿ, ತೀರಿಕೊಂಡನು. ಫ್ರಾನ್ಸು ಇದಕ್ಕೆ ನೇರ ವಿರುದ್ಧವಾದ ದಾರಿಯನ್ನು ಹಿಡಿದು, 1959ರಲ್ಲಿ ಸಂಸ್ಕೃತಿಗೆಂದೇ ಒಂದು ಮಂತ್ರಾಲಯವನ್ನು ತೆರೆದು, ಕಾದಂಬರಿಕಾರ ಆಂಡ್ರೆ ಮಾಲ್ರೋನನ್ನು ಅದರ ಮಂತ್ರಿಯನ್ನಾಗಿ ಕೂರಿಸಿತು. ಪ್ಯಾರಿಸಿನ ವೈಭವವು ಪರಗಣೆಗಳಿಗೂ ದಕ್ಕಲೆಂದು ಆತನು ಊರೂರಿನಲ್ಲಿ ‘ಸಂಸ್ಕೃತಿಯ ಮನೆ’ಗಳನ್ನು ಕಟ್ಟಿಸಹೊರಟನು. ಕಲೆಯನ್ನು ಪ್ರಚಾರ ಖಾತೆಯ ಊಳಿಗಕ್ಕೆ ಹಚ್ಚಿದ ನಾಟ್ಸಿ ಆಳ್ವಿಕೆಯ ಕಹಿಯನ್ನು ಉಂಡಿದ್ದ ಪಶ್ಚಿಮ ಜರ್ಮನಿಯಾದರೋ, 1949ರ ತನ್ನ ಮೂಲಶಾಸನದಲ್ಲಿ ಸಂಸ್ಕೃತಿಯ ಅಧಿಕಾರವನ್ನು ಅಂಗರಾಜ್ಯಗಳಿಗೇ ಬಿಟ್ಟಿತು. ಆ ದೇಶದ ಕೇಂದ್ರ ಸರಕಾರದಲ್ಲಿ ಸಂಸ್ಕೃತಿಯ ಹೊಣೆಯನ್ನು ಹೊತ್ತ ಒಂದು ಪದವಿ ಸೃಷ್ಟಿಯಾಗುವುದಕ್ಕೆ 1998ರವರೆಗೆ ಕಾಯಬೇಕಾಯಿತು. ಹೀಗೆ ಪ್ರಸಂಗವೊಂದೇ ಆಗಿದ್ದರೂ ಪ್ರತಿಯೊಂದು ಮೇಳವೂ ತನ್ನ ಬಯಲಿನಲ್ಲಿ ತಾನೇ ಕುಣಿಯುತ್ತಿತ್ತು. ಎರಡು ರಂಗಸ್ಥಳಗಳನ್ನು ಒಟ್ಟಿಗೆ ಕಾಣಬಲ್ಲ ಪ್ರೇಕ್ಷಕನೇ ಇರಲಿಲ್ಲ.

1949ರಲ್ಲಿ ಹುಟ್ಟಿ ಸ್ಟ್ರಾಸ್‌ಬೋರ್ಗಿನಲ್ಲಿ ನೆಲೆಸಿದ ಯೂರೋಪು ಪರಿಷತ್ತು 1954ರ ಡಿಸೆಂಬರ್ 19ರಂದು ಪ್ಯಾರಿಸಿನಲ್ಲಿ ಸಾಂಸ್ಕೃತಿಕ ಒಡಂಬಡಿಕೆಯೊಂದನ್ನು ಸಹಿಗೆ ಇಟ್ಟಿತು. ಒಬ್ಬರ ಭಾಷೆ ಚರಿತ್ರೆಗಳನ್ನು ಇನ್ನೊಬ್ಬರು ಕಲಿಯತಕ್ಕದ್ದು, ತಂತಮ್ಮ ಪರಂಪರೆಯನ್ನು ಎಲ್ಲರ ಸೊತ್ತೆಂದು ಕಾಯತಕ್ಕದ್ದು ಎಂಬ ಸದಾಶಯ ಅದರಲ್ಲಿದ್ದಿತಾದರೂ, ನೀತಿಯನ್ನು ಹೋಲಿಸಿ ನೋಡುವ ಯೋಚನೆ ಇನ್ನೂ ಮೊಳೆತಿರಲಿಲ್ಲ. 1967ರಲ್ಲಿ ಯುನೆಸ್ಕೋ ಸಂಸ್ಥೆಯು ಮೊನಾಕೋದಲ್ಲಿ ಕರೆದ ಗೋಷ್ಠಿಯಲ್ಲಿ ‘ಸಾಂಸ್ಕೃತಿಕ ನೀತಿ’ ಎಂಬ ಮಾತಿಗೇ ಅರ್ಥವೇನೆಂಬುದರಿಂದ ಚರ್ಚೆ ಆರಂಭವಾಗಬೇಕಾಯಿತು. 1970ರಲ್ಲಿ ವೆನಿಸಿನಲ್ಲಿ ಸರಕಾರಗಳ ಪ್ರತಿನಿಧಿಗಳು, 1972ರಲ್ಲಿ ಹೆಲ್ಸಿಂಕಿಯಲ್ಲಿ ಐರೋಪ್ಯ ಪ್ರತಿನಿಧಿಗಳು ಸೇರಿದರು. ದೇಶಕ್ಕೊಂದರಂತೆ ಕಿರುಹೊತ್ತಗೆಗಳ ಮಾಲೆಯೊಂದು ಅಚ್ಚಾಗತೊಡಗಿತು. ಆ ಮಾಲೆಯಲ್ಲಿ ಭಾರತವನ್ನು ಕುರಿತ ಪುಸ್ತಕವನ್ನು 1972ರಲ್ಲಿ ಬರೆದವರು ಕಪಿಲಾ ವಾತ್ಸ್ಯಾಯನರು ಎಂಬುದನ್ನು ನಾವು ಮರೆಯಬಾರದು. 1974ರಲ್ಲಿ ಸ್ವೀಡನ್ನಿನ ಸಂಸತ್ತು ಸಂಸ್ಕೃತಿನೀತಿಗೆ ಎಂಟು ಗುರಿಗಳನ್ನು ಎಣಿಸಿಕೊಟ್ಟಿತು. ವಾಕ್‌ಸ್ವಾತಂತ್ರ್ಯದ ರಕ್ಷಣೆಯೂ, ವ್ಯಾಪಾರದ ದುಷ್ಪರಿಣಾಮಗಳ ನಿವಾರಣೆಯೂ ಅವುಗಳಲ್ಲಿ ಸೇರಿದ್ದುವು. ಗುರಿಯನ್ನು ಎಣಿಸಿ ಬರೆದಿಟ್ಟ ಮೇಲೆ, ಅದನ್ನು ಮುಟ್ಟಿದಿರಾ ಎಂದು ಕೇಳುವ ಹಕ್ಕು ಜನಕ್ಕೆ ಬರುತ್ತದಷ್ಟೆ? ಹಾಗೆ ಕೇಳುವ ಕೆಲಸವನ್ನು ಯೂರೋಪು ಪರಿಷತ್ತು 1980ರ ದಶಕದ ನಡುವೆ ಕೈಗೆತ್ತಿಕೊಂಡಿತು.

ಕ್ರಮ ಸರಳವಾಗಿತ್ತು. ಪರೀಕ್ಷೆಗೆ ಒಪ್ಪಿದ ದೇಶವು ತನ್ನ ನೀತಿಯನ್ನು ಕುರಿತು ತಾನೇ ಒಂದು ವರದಿಯನ್ನು ಬರೆದುಕೊಡುವುದು. ಪರದೇಶದ ತಜ್ಞರ ತಂಡವೊಂದು ಬಂದು, ಸುತ್ತಿ, ಕಂಡು, ಕೇಳಿ, ಇನ್ನೊಂದು ವರದಿಯನ್ನು ಬರೆಯುವುದು. ಎರಡನ್ನೂ ಎಲ್ಲರ ಎದುರಿಗಿಟ್ಟು ಚರ್ಚಿಸುವುದು. ಮೊದಲು ಮುಂದೆ ಬಂದ ದೇಶಗಳು ಫ್ರಾನ್ಸು ಮತ್ತು ಸ್ವೀಡನ್ನು. 1988ರಲ್ಲಿ ಪ್ರಕಟವಾದ ಫ್ರಾನ್ಸಿನ ಸಂಪುಟದಲ್ಲಿ ಪರದೇಶೀಯರ ವರದಿಯನ್ನು ಬರೆದವನು ಬೆಲ್ಜಿಯಮಿನ ಸಂಗೀತಶಾಸ್ತ್ರಜ್ಞ ರಾಬೇರ್ ವಾಂಜೆರ್ಮೆ. ಸಂಸ್ಕೃತಿಯ ವಿಷಯದಲ್ಲಿ ಜಗತ್ತಿಗೇ ಗುರುವೆಂದು ಭಾವಿಸಿಕೊಂಡಿದ್ದ ದೇಶವೊಂದು ನೆರೆಮನೆಯವನ ಕೈಗೆ ತನ್ನ ಲೆಕ್ಕದ ಪುಸ್ತಕವನ್ನು ಕೊಟ್ಟು, ಓದಿ ಹೇಳು ಎಂದು ಕುಳಿತ ಆ ಸನ್ನಿವೇಶವು ಈ ಚರಿತ್ರೆಯ ನಿಜವಾದ ಆರಂಭವೆಂದು ನನ್ನ ಮತ. ಆದರೆ ಈ ಕ್ರಮಕ್ಕೆ ತಾಳ್ಮೆಯೂ ಕಾಲವೂ ಬೇಕು. ಒಂದೊಂದು ದೇಶಕ್ಕೂ ವರ್ಷಗಳು ಹಿಡಿದುವು; ಅಚ್ಚಿನ ಮನೆಯಿಂದ ಸಂಪುಟ ಹೊರಬರುವಾಗ ಮಂತ್ರಿ ಬದಲಾಗಿರುತ್ತಿದ್ದನು, ಕೆಲವೊಮ್ಮೆ ನೀತಿಯೂ ಬದಲಾಗಿರುತ್ತಿತ್ತು. ಬರ್ಲಿನ್ನಿನ ಗೋಡೆ ಬಿದ್ದ ತರುವಾಯ ಪೂರ್ವದ ದೇಶಗಳು ಒಂದರ ಹಿಂದೊಂದು ಬಂದು ಸೇರಿ, ರಾಜ್ಯವೇ ಸಾಕುತ್ತಿದ್ದ ರಂಗಮಂದಿರಗಳನ್ನೂ ಪುಸ್ತಕಾಲಯಗಳನ್ನೂ ಇನ್ನು ಸಾಕುವವರಾರೆಂದು ಕೇಳತೊಡಗಿದಾಗ, ಹತ್ತು ವರ್ಷಕ್ಕೊಮ್ಮೆ ಬರುವ ಸಂಪುಟ ಯಾರಿಗೂ ಸಾಲದಾಯಿತು.

ಈ ಕೊರತೆಯನ್ನು ನೀಗಲು 1998ರಲ್ಲಿ ಯೂರೋಪು ಪರಿಷತ್ತೂ, ಜರ್ಮನಿಯ ಬಾನ್ ನಗರದಲ್ಲಿದ್ದ ಎರಿಕಾರ್ಟ್ಸ್ ಎಂಬ ತೌಲನಿಕ ಸಂಶೋಧನ ಸಂಸ್ಥೆಯೂ ಕೂಡಿ ‘ಕಂಪೆಂಡಿಯಂ’ ಎಂಬ ಸಂಗ್ರಹವನ್ನು ಆರಂಭಿಸಿದುವು. ಇದರ ಹೊಸತನ ಇದ್ದುದು ಪ್ರಶ್ನಾವಳಿಯಲ್ಲಿ. ನೀತಿಯ ಇತಿಹಾಸ, ಅಧಿಕಾರದ ಹಂಚಿಕೆ, ಸದ್ಯದ ವಾದವಿವಾದಗಳು, ಶಾಸನಗಳು, ಖರ್ಚುವೆಚ್ಚ, ಸಂಸ್ಥೆಗಳು, ಜನರ ಪಾಲುಗೊಳ್ಳುವಿಕೆ ಎಂಬ ಶೀರ್ಷಿಕೆಗಳನ್ನು ಮೊದಲೇ ಗೊತ್ತುಮಾಡಿ, ಪ್ರತಿಯೊಂದು ದೇಶದಲ್ಲಿಯೂ ಸ್ವತಂತ್ರ ವಿದ್ವಾಂಸನೊಬ್ಬನನ್ನು ಆರಿಸಿ, ಅದೇ ಪ್ರಶ್ನೆಗಳಿಗೆ ಅದೇ ಅನುಕ್ರಮದಲ್ಲಿ ಉತ್ತರ ಬರೆಸಿ, ಕಾಲಕಾಲಕ್ಕೆ ತಿದ್ದಿಸುತ್ತ ಬಂದರು. ಪ್ರಸಂಗ ಒಂದಾಯಿತು, ರಂಗಸ್ಥಳಗಳು ನಲ್ವತ್ತನ್ನು ಮೀರಿದುವು. ಫಿನ್‌ಲೆಂಡಿನ ಅಧಿಕಾರಿಯೊಬ್ಬನಿಗೆ ಪೋರ್ತುಗಲ್ಲಿನ ಕಲಾವಿದರ ವಿಮೆಯ ಬಗೆ ತಿಳಿಯಬೇಕಾಗಿ ಬಂದರೆ, ಯಾವ ಅಧ್ಯಾಯವನ್ನು ತೆರೆಯಬೇಕೆಂಬುದು ತನ್ನ ದೇಶದ ಅಧ್ಯಾಯದಿಂದಲೇ ಅವನಿಗೆ ಗೊತ್ತು. ಪರಿಷತ್ತಿನ ನೇರವಾದ ಆಶ್ರಯದಿಂದ ಹೊರಬಂದು ಈ ಸಂಗ್ರಹವು ಈಗ ಆಮ್‌ಸ್ಟರ್‌ಡಾಮ್ ನಗರದಲ್ಲಿ ಸ್ವತಂತ್ರ ಸಂಘವೊಂದರ ಆಡಳಿತದಲ್ಲಿ ನಡೆಯುತ್ತಿದೆ.

ಪ್ರಶ್ನೆ ಒಂದೇ ಆದ ಮಾತ್ರಕ್ಕೆ ಅಳತೆ ಒಂದೇ ಆಗಿಬಿಡುವುದೆ? ನಮ್ಮ ಹಿರಿಯರು ಅಕ್ಕಿಯನ್ನು ಮುಡಿಯಲ್ಲಿ ಅಳೆಯುತ್ತಿದ್ದರು. ಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಮಡಚಿ, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದು, ಕೊಡತಿಯಿಂದ ತಟ್ಟಿ ಉರುಟು ಮಾಡಿದ ಆ ಮುಡಿ ನೋಟಕ್ಕೆ ಎಲ್ಲ ಊರಿನಲ್ಲೂ ಒಂದೇ. ಆದರೆ ಒಳಗೆ ಹಿಡಿಸಿದ ಸೇರುಗಳ ಸಂಖ್ಯೆ ಊರೂರಿಗೆ ಬೇರೆ. ಹೆಸರನ್ನು ನಂಬಿ ವ್ಯಾಪಾರ ಮಾಡಿದವನು ನಷ್ಟಕ್ಕೆ ಬೀಳುತ್ತಿದ್ದನು. ಯಾವ ಊರಿನ ಮುಡಿಯೆಂದು ಕೇಳಿ ಮಾಡಿದವನು ಬದುಕುತ್ತಿದ್ದನು. ‘ಸಂಸ್ಕೃತಿಗಾಗಿ ತಲೆಯೊಂದಕ್ಕೆ ಇಷ್ಟು ಖರ್ಚು’ ಎಂಬ ಐರೋಪ್ಯ ಕೋಷ್ಟಕವೂ ಇಂಥ ಮುಡಿಯೇ. ಒಂದು ದೇಶವು ಆ ಲೆಕ್ಕದಲ್ಲಿ ಆಕಾಶವಾಣಿ ದೂರದರ್ಶನಗಳನ್ನು ಸೇರಿಸುತ್ತದೆ, ಇನ್ನೊಂದು ಸೇರಿಸುವುದಿಲ್ಲ. ಒಂದು ಕಡೆ ಹಳೆಯ ಇಗರ್ಜಿಗಳ ಜೀರ್ಣೋದ್ಧಾರ ಸಂಸ್ಕೃತಿಯ ಖರ್ಚು, ಇನ್ನೊಂದು ಕಡೆ ಅದು ಧರ್ಮದ ಖರ್ಚು. ಸಂಗ್ರಹದ ಕರ್ತೃಗಳಿಗೆ ಇದು ತಿಳಿಯದ ಸಂಗತಿಯಲ್ಲ. ಆದುದರಿಂದಲೇ ಕೋಷ್ಟಕದ ಮಗ್ಗುಲಲ್ಲಿ ಮಾತಿನ ವಿವರಣೆಯೂ ಇರಬೇಕೆಂಬ ಕಟ್ಟಳೆಯನ್ನು ಅವರು ಪಾಲಿಸಿಕೊಂಡು ಬಂದರು. ಎಲ್ಲರ ಮುಡಿಯನ್ನೂ ಒಂದೇ ಸೇರಿಗೆ ತರಬೇಕೆಂಬ ಆತುರವನ್ನು ತಡೆದ ಇನ್ನೊಂದು ಬಲವೂ ಇದ್ದಿತು. 1992ರಲ್ಲಿ ಮಾಸ್‌ಟ್ರಿಕ್ಟಿನಲ್ಲಿ ಸಹಿಯಾದ ಐರೋಪ್ಯ ಒಕ್ಕೂಟದ ಒಪ್ಪಂದವು, ಸಂಸ್ಕೃತಿಯ ವಿಷಯದಲ್ಲಿ ಒಕ್ಕೂಟವು ಸದಸ್ಯರ ಸಹಕಾರಕ್ಕೆ ಪ್ರೋತ್ಸಾಹ ನೀಡಬಹುದೇ ಹೊರತು ಅವರ ಶಾಸನಗಳನ್ನು ಏಕರೂಪಗೊಳಿಸಕೂಡದೆಂದು ಸ್ಪಷ್ಟವಾಗಿ ವಿಧಿಸಿತು. ಹಣಕ್ಕೆ ಒಂದೇ ನಾಣ್ಯವನ್ನು ತರಲು ಸಂಕಲ್ಪಿಸಿದ ಒಪ್ಪಂದವೇ ಹಾಡಿಗೆ ಒಂದೇ ಶ್ರುತಿ ಬೇಡವೆಂದಿತು.

ಇಷ್ಟು ದೂರದ ದೇಶಗಳ ಕಥೆಯನ್ನು ಹೇಳುವಾಗ ನಮ್ಮ ಮನೆಯಂಗಳದಲ್ಲೇ ನಡೆದ ಜೋಡಾಟವೊಂದನ್ನು ಮರೆತರೆ ತಪ್ಪಾದೀತು. ಹಟ್ಟಿಯಂಗಡಿಯು 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಿತು. ಆ ದಿನ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕನ್ನಡಿಗರು ಒಂದೇ ಸೂರಿನಡಿ ಬಂದಾಗ, ಐದು ಬಗೆಯ ಕಾನೂನುಗಳೂ ಅವರ ಬೆನ್ನಹಿಂದೆಯೇ ಬಂದುವು. ಪುಸ್ತಕಾಲಯದ ವಿಷಯವನ್ನೇ ನೋಡೋಣ. ಎಸ್. ಆರ್. ರಂಗನಾಥನ್ ಅವರ ಪರಿಶ್ರಮದ ಫಲವಾಗಿ ಮದರಾಸು 1948ರಲ್ಲೇ ಸಾರ್ವಜನಿಕ ಗ್ರಂಥಾಲಯ ಶಾಸನವನ್ನು ಹೊಂದಿದ್ದುದರಿಂದ, ಗ್ರಂಥಾಲಯಕ್ಕೆಂದು ಕರ ತೆತ್ತು ಪುಸ್ತಕ ಓದುವ ಪದ್ಧತಿ ನಮ್ಮ ಕರಾವಳಿಗೆ ಏಕೀಕರಣಕ್ಕೆ ಮೊದಲೇ ಬಂದಿತ್ತು. ಹೈದರಾಬಾದು ಕರ್ನಾಟಕಕ್ಕೆ 1955ರ ಅಲ್ಲಿಯ ಶಾಸನವಿತ್ತು. ಮೈಸೂರಿಗೆ ಹಳೆಯ ವಿದ್ಯಾಸಂಸ್ಕಾರವಿದ್ದಿತಾದರೂ ಇಂಥ ಶಾಸನವಿರಲಿಲ್ಲ. ಇವೆಲ್ಲವನ್ನೂ ಎದುರಿಗಿಟ್ಟುಕೊಂಡು ಇಡೀ ರಾಜ್ಯಕ್ಕೆ ಅನ್ವಯಿಸುವ ಶಾಸನವಾದುದು 1965ರಲ್ಲಿ. ಹೋಲಿಕೆಯಿಂದ ನೀತಿ ಹುಟ್ಟಿದ್ದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಅದೇ 1965ರಲ್ಲಿ, ನಮ್ಮ ಸುದ್ದಿಯನ್ನು ತಾನು ಕೇಳದೆ, ತನ್ನ ಸುದ್ದಿಯನ್ನು ನಮಗೆ ಹೇಳದೆ, ನಾರ್ವೆ ದೇಶವು ಇನ್ನೊಂದು ಕೆಲಸ ಮಾಡಿತು. ಆಡುವವರ ಸಂಖ್ಯೆ ಕಡಿಮೆಯಿರುವ ಭಾಷೆಯಲ್ಲಿ ಬರೆಯುವವನು ಪೇಟೆಯನ್ನು ನಂಬಿ ಬದುಕಲಾರನೆಂದು ಕಂಡು, ಹೊಸ ಸಾಹಿತ್ಯಕೃತಿಯ ಸಾವಿರ ಪ್ರತಿಗಳನ್ನು ರಾಜ್ಯವೇ ಕೊಂಡು ದೇಶದ ಪುಸ್ತಕಾಲಯಗಳಿಗೆ ಹಂಚುವ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿಯೂ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೆಂಬುದು ಬೆಳೆದು ಬಂದಿದೆ. ಆಯ್ಕೆಯಾದ ಪುಸ್ತಕದ 300 ಪ್ರತಿಗಳೆಂಬ ಲೆಕ್ಕವನ್ನು ನೆಚ್ಚಿಯೇ ಕನ್ನಡದ ಅನೇಕ ಪ್ರಕಾಶಕರು ಅಚ್ಚಿಗೆ ಕೈಹಾಕುತ್ತಾರೆ, ಹಣ ಕೈಗೆ ಬರುವುದು ತಡವೆಂದು ಗೊಣಗುತ್ತಲೂ ಇರುತ್ತಾರೆ. ಎರಡೂ ಯೋಜನೆಗಳು ಮೇಲುನೋಟಕ್ಕೆ ಒಂದೇ. ಆದರೆ ನಾರ್ವೆಯಲ್ಲಿ ತೀರ ಕಳಪೆಯೆಂದು ಸಮಿತಿ ತಳ್ಳಿಹಾಕದ ಕೃತಿ ತಾನಾಗಿಯೇ ಖರೀದಿಯಾಗುವುದು. ನಮ್ಮಲ್ಲಿ ಸಮಿತಿ ಆರಿಸಿದ ಕೃತಿ ಮಾತ್ರ ಖರೀದಿಯಾಗುವುದು. ಬಾಗಿಲು ತೆರೆದಿಟ್ಟು ಬೇಡದವರನ್ನು ಹೊರಗೆ ಕಳುಹಿಸುವುದಕ್ಕೂ, ಬಾಗಿಲು ಮುಚ್ಚಿಟ್ಟು ಬೇಕಾದವರನ್ನು ಒಳಗೆ ಕರೆಯುವುದಕ್ಕೂ ಇರುವ ಅಂತರ ಇದು. ಎರಡು ರಂಗಸ್ಥಳಗಳನ್ನು ಅಕ್ಕಪಕ್ಕದಲ್ಲಿ ಕಾಣದವನಿಗೆ ಇಂಥ ಅಂತರ ಹೊಳೆಯುವುದೇ ಇಲ್ಲ.

ಅಕಾಡೆಮಿಗಳ ವಿಷಯವೂ ಹೀಗೆಯೇ. ಕೇಂದ್ರದ ಸಂಗೀತ ನಾಟಕ ಅಕಾಡೆಮಿ 1953ರಲ್ಲಿ, ಸಾಹಿತ್ಯ ಅಕಾಡೆಮಿ 1954ರಲ್ಲಿ ಸ್ಥಾಪಿತವಾದಾಗ, ಸರಕಾರದ ಹಣ ಮತ್ತು ವಿದ್ವಾಂಸರ ತೀರ್ಮಾನ ಎಂಬ ಬ್ರಿಟಿಷ್ ಮಾದರಿಯ ಸೂತ್ರವೇ ಅಲ್ಲಿಯೂ ಕೆಲಸಮಾಡಿತು; ಆ ಒಂದು ಮಾರಿನ ದೂರ ಕುಗ್ಗಿತೆ ಹಿಗ್ಗಿತೆ ಎಂದು ಅಳೆಯಲು 1964ರಲ್ಲಿ ಭಾಭಾ ಸಮಿತಿಯೂ, 1972ರಲ್ಲಿ ಖೋಸ್ಲಾ ಸಮಿತಿಯೂ, 1990ರಲ್ಲಿ ಹಕ್ಸರ್ ಸಮಿತಿಯೂ ವರದಿಗಳನ್ನು ಒಪ್ಪಿಸಿದುವು. ನಮ್ಮ ರಾಜ್ಯಕ್ಕೆ ಲಿಖಿತವಾದ ಸಾಂಸ್ಕೃತಿಕ ನೀತಿಯೊಂದು ಬೇಕೆಂಬ ಮಾತು ಬಹುಕಾಲ ಮಾತಾಗಿಯೇ ಉಳಿದು, ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ವರದಿಯನ್ನು ಸಲ್ಲಿಸಿ, 2017ರಲ್ಲಿ ಮಂತ್ರಿಮಂಡಲ ಅದಕ್ಕೆ ಸಮ್ಮತಿಯಿತ್ತ ಮೇಲೆ ಕೃತಿರೂಪಕ್ಕೆ ಬಂದಿತು.

ಕರಾವಳಿಯವರು ಮಾತ್ರ ಸರಕಾರಗಳು ಕರೆಯಲೆಂದು ಕಾಯಲಿಲ್ಲ. ಹಟ್ಟಿಯಂಗಡಿಗೆ ಒಂದು ಗಾವುದದಷ್ಟೂ ದೂರವಿಲ್ಲದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಯೂರೋಪನ್ನು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ವನ್ನು ಬರೆದರು, ಯಕ್ಷಗಾನದ ಶಾಸ್ತ್ರೀಯ ಅಧ್ಯಯನವಾದ ‘ಯಕ್ಷಗಾನ ಬಯಲಾಟ’ಕ್ಕಾಗಿ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಪಶ್ಚಿಮದ ರಂಗಭೂಮಿಯನ್ನು ಕಂಡ ಕಣ್ಣಿನಿಂದಲೇ ಚೌಕಿಯನ್ನೂ ಕಂಡು, ಆಟಕ್ಕೆ ಪಿಟೀಲು ಸ್ಯಾಕ್ಸೊಫೋನುಗಳನ್ನು ತಂದ ಅವರ ಪ್ರಯೋಗಗಳನ್ನು ಒಪ್ಪದವರು ಈಗಲೂ ಉಂಟು. ಹೋಲಿಕೆ ಎಲ್ಲಿ ಮುಗಿಯುತ್ತದೆ, ಅನುಕರಣ ಎಲ್ಲಿ ಮೊದಲಾಗುತ್ತದೆ ಎಂಬ ಆ ಚರ್ಚೆಯೇ ಒಂದು ಲಾಭವೆಂದು ತಿಳಿಯತಕ್ಕದ್ದು. 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಕು.ಶಿ. ಹರಿದಾಸ ಭಟ್ಟರ ಕರ್ತೃತ್ವದಿಂದ ಯಕ್ಷಗಾನ ಕೇಂದ್ರ ಆರಂಭವಾಗಿ, ಹಿರಿಯಡಕ ಗೋಪಾಲರಾಯರಂಥ ಗುರುಗಳು ಅಲ್ಲಿ ಪಾಠ ಹೇಳಿದರು.

ಮುಂದೆ ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ತುಳುನಾಡಿಗೆ ಬಂದರು. ಪರಂಪರಾಗತ ಸಂಸ್ಕೃತಿ ಮತ್ತು ಜಾನಪದದ ರಕ್ಷಣೆಯನ್ನು ಕುರಿತು ಯುನೆಸ್ಕೋ 1989ರಲ್ಲಿ ಅಂಗೀಕರಿಸಿದ ಶಿಫಾರಸನ್ನು ಸಿದ್ಧಪಡಿಸುವಲ್ಲಿ ಮುಖ್ಯ ಪಾತ್ರ ವಹಿಸಿದವರೇ ಇವರು. ವಿವೇಕ ರೈ, ಚಿನ್ನಪ್ಪ ಗೌಡ ಮತ್ತು ಪತ್ನಿ ಅನೆಲಿ ಹೊಂಕೊ ಅವರೊಡಗೂಡಿ 1990ರಲ್ಲಿ ಗೋಪಾಲ ನಾಯ್ಕರ ಬಾಯಿಂದ ಸಿರಿ ಕಾವ್ಯವನ್ನು ಧ್ವನಿಮುದ್ರಿಸಿಕೊಂಡು, 15,683 ಸಾಲುಗಳ ಆ ಪಾಠವನ್ನು 1998ರಲ್ಲಿ ಪ್ರಕಟಿಸಿದರು. ಫಿನ್‌ಲೆಂಡಿನ ರಾಷ್ಟ್ರೀಯ ಮಹಾಕಾವ್ಯವಾದ ಕಲೇವಲದಲ್ಲಿರುವುದು 22,795 ಸಾಲು. ಅದು ವೈದ್ಯನಾಗಿದ್ದ ಎಲಿಯಾಸ್ ಲೊನ್‌ರೊಟ್ ಹಲವು ಬಾಯಿಗಳಿಂದ ಸಂಗ್ರಹಿಸಿ ಹೆಣೆದದ್ದು, ಇದು ಒಬ್ಬ ಬೇಸಾಯಗಾರನ ನಾಲಗೆಯಿಂದ ಹರಿದದ್ದು. ಸ್ಟ್ರಾಸ್‌ಬೋರ್ಗಿನ ನೀತಿಸಂಗ್ರಹ ಆರಂಭವಾದ ವರ್ಷವೂ ಅದೇ 1998. ಅಲ್ಲಿ ಸರಕಾರಗಳು ಸರಕಾರಗಳಿಗೆ ತಮ್ಮ ಕಾಗದವನ್ನು ತೋರಿಸುತ್ತಿದ್ದಾಗ, ಇಲ್ಲಿ ಒಂದು ನಾಡಿನ ವಿದ್ವಾಂಸನು ಇನ್ನೊಂದು ನಾಡಿನ ಹಾಡುಗಾರನ ಮುಂದೆ ಕುಳಿತು ಕಿವಿಗೊಟ್ಟಿದ್ದನು.

ಇನ್ನು ಊರಿಗೆ ಮರಳೋಣ. ಬೆಳ್ತಂಗಡಿ, ಹೊಸಂಗಡಿಗಳಂತೆ ಹಟ್ಟಿಯಂಗಡಿಯ ಹೆಸರಿನಲ್ಲಿಯೂ ಅಂಗಡಿಯಿದೆ. ಜಡೆಯುಳ್ಳ ಸಿದ್ಧಿವಿನಾಯಕನ ಗುಡಿ, ಲೋಕನಾಥೇಶ್ವರನ ಗುಡಿ, ಜಿನಬಸದಿ, ಇವೆಲ್ಲ ಒಂದೇ ಊರಿನಲ್ಲಿ ಉಳಿದಿರುವುದನ್ನು ಕಂಡರೆ, ವ್ಯಾಪಾರವಿದ್ದೆಡೆ ದಾನವೂ ದಾನವಿದ್ದೆಡೆ ಶಿಲ್ಪವೂ ಸಂಗೀತವೂ ನೆಲೆಗೊಳ್ಳುತ್ತಿದ್ದ ಕಾಲವೊಂದು ಕಣ್ಣಿಗೆ ಕಟ್ಟುತ್ತದೆ. ತುಳುವ ನಾಡಿನ ಇಂಥ ಅವಶೇಷಗಳನ್ನು ಊರೂರು ಅಲೆದು ದಾಖಲಿಸಿದ ಪಿ. ಗುರುರಾಜ ಭಟ್ಟರ ಬೃಹದ್‌ಗ್ರಂಥ 1975ರಲ್ಲಿ ಹೊರಬಂದಿತು. ಅಂದಿನ ರಾಜಾಶ್ರಯ ಹೋಯಿತು. ಆಶ್ರಯ ಮಾತ್ರ ಹೋಗಲಿಲ್ಲ. ಮನೆಯಲ್ಲಿ ಮಗು ಹುಷಾರು ತಪ್ಪಿದಾಗಲೋ, ಮಗನು ಕೆಲಸವಿಲ್ಲದೆ ಕುಳಿತಾಗಲೋ, ಒಂದು ಆಟ ಆಡಿಸುತ್ತೇನೆಂದು ಹರಕೆ ಹೊತ್ತ ಗೃಹಸ್ಥನು ಮೇಳಕ್ಕೆ ವೀಳ್ಯ ಕೊಟ್ಟು, ದಿನ ಗೊತ್ತು ಮಾಡಿ, ಗದ್ದೆಯನ್ನು ಹಸನು ಮಾಡಿಸಿ, ಕಲಾವಿದರಿಗೂ ಊರವರಿಗೂ ಊಟ ಹಾಕಿ, ಇರುಳಿಡೀ ಎದ್ದು ಕೂರುತ್ತಾನೆ. ಮಂದಾರ್ತಿ ಕ್ಷೇತ್ರವೊಂದರಿಂದಲೇ ಐದು ಮೇಳಗಳು ಹೊರಡುತ್ತವೆ; ಅಷ್ಟಿದ್ದರೂ ಹರಕೆಯವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಆಟ ನೋಡಲು ಬಂದವನಿಗೆ ಟಿಕೇಟಿಲ್ಲ, ಆಡಿಸಿದವನಿಗೆ ಅನುದಾನವಿಲ್ಲ.

ನಮ್ಮ ನಾಡೂ ಎಂದಾದರೊಂದು ದಿನ ಆ ಸಂಗ್ರಹದ ಪ್ರಶ್ನಾವಳಿಗೆ ಉತ್ತರ ಬರೆಯುವುದಾದರೆ, ಖರ್ಚುವೆಚ್ಚದ ಅಧ್ಯಾಯದಲ್ಲಿ ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆ ಎಂಬ ಮೂರು ಕಲಮುಗಳನ್ನು ತುಂಬಬೇಕಾಗುವುದು. ಅಕಾಡೆಮಿಯ ಅನುದಾನ ಒಂದರಲ್ಲಿ ಕುಳಿತೀತು, ಪಂಚಾಯತಿ ಗ್ರಂಥಾಲಯ ಇನ್ನೊಂದರಲ್ಲಿ ಕುಳಿತೀತು. ಹರಕೆಯ ಆಟ ಎಲ್ಲಿ ಕೂರಬೇಕು? ಸರಕಾರದ ದೃಷ್ಟಿಗೆ ಅದು ಧರ್ಮ, ದೇವಸ್ಥಾನದ ಪುಸ್ತಕದಲ್ಲಿ ಅದು ಸೇವೆ, ಮನೆಯ ಪುಸ್ತಕದಲ್ಲಿ ಅದು ಮಗಳ ಮದುವೆಗೂ ಮಾಡಿನ ರಿಪೇರಿಗೂ ನಡುವೆ ಬರೆದಿಟ್ಟ ಒಂದು ಸಾಲು. ನಾಡಿನ ಅತಿದೊಡ್ಡ ರಂಗಭೂಮಿಗಳಲ್ಲೊಂದನ್ನು ದೀಪಾವಳಿಯ ಆಚೆಯಿಂದ ಹತ್ತನಾವಧಿಯವರೆಗೆ ಇರುಳಿರುಳೂ ಸಾಕುತ್ತಿರುವ ಹಣ ಆ ಕೋಷ್ಟಕದಲ್ಲಿ ಸೊನ್ನೆಯಾಗಿ ಕಾಣುವುದು. ಆ ಸೊನ್ನೆಯನ್ನು ಒಪ್ಪಿ ಬರೆದರೆ ನಮ್ಮ ಮುಡಿಯನ್ನು ನಾವೇ ಬರಿದು ಮಾಡಿ ಸಂತೆಗೆ ಒಯ್ದಂತಾದೀತು.

ಐರೋಪ್ಯರ ಐವತ್ತು ವರ್ಷಗಳ ದುಡಿಮೆಯಿಂದ ನಾವು ತೆಗೆದುಕೊಳ್ಳತಕ್ಕ ಪಾಠವೂ ಇದೇ: ಪ್ರಶ್ನೆಗಳು ಎಲ್ಲರಿಗೂ ಒಂದೇ ಇರಲಿ, ಆದರೆ ತನ್ನ ಮನೆಯ ಉತ್ತರಕ್ಕೆ ಕಲಮು ಸಾಲದೆ ಹೋದಾಗ ಇನ್ನೊಂದು ಕಲಮನ್ನು ಗೀಚಿಕೊಳ್ಳುವ ಧೈರ್ಯವೂ ಬರೆಯುವವನಿಗಿರಲಿ. ನಮ್ಮ ನಾಲ್ಕನೆಯ ಕಲಮಿಗೆ ‘ಹರಕೆ’ಯೆಂದೇ ಹೆಸರಿಡಬಹುದು. ಅದನ್ನು ತುಂಬಲು ಬೇಕಾದ ಅಂಕಿಗಳು ಯಾವ ಕಚೇರಿಯಲ್ಲೂ ಇಲ್ಲ. ಈ ಊರುಗಳ ಮನೆಗಳಲ್ಲಿ, ಚಾವಡಿಯ ಪೆಟ್ಟಿಗೆಯೊಳಗೆ, ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಇವೆ. ಈ ಸಂಚಿಕೆಯನ್ನು ಓದಿದ ಯುವಕರಲ್ಲಿ ಯಾರಾದರೊಬ್ಬರು ಬರುವ ಮಳೆಗಾಲದಲ್ಲಿ, ಮೇಳಗಳು ಗೆಜ್ಜೆ ಬಿಚ್ಚಿ ಕುಳಿತಿರುವಾಗ, ಆ ಪುಸ್ತಕಗಳನ್ನು ಕೇಳಿಕೊಂಡು ಹಟ್ಟಿಯಂಗಡಿಯ ಮನೆಮನೆಗೆ ಹೋಗಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.